ಹಿತ್ತಲ ನಳ, ಊರ ಬಾವಡಿ

ಶಿವರಾತ್ರಿಗೆ ಚಳಿ ಶಿವಶಿವಾ ಎಂದು ಓಡಿಹೋಗುತ್ತದೆ ಎಂದು ಹಿರಿಯರು ಹೇಳುತ್ತಾರೆ. ನಮ್ಮ ವಿಜಯಪುರದಲ್ಲಿ ಅದು ಓಡುವಾಗ ಹಿತ್ತಲ ನೆಲದ ತೇವವನ್ನೂ ಸೆರಗಿನಲ್ಲಿ ಕಟ್ಟಿಕೊಂಡೇ ಹೋಗುತ್ತದೆ. ನಿನ್ನೆಯವರೆಗೆ ಮೆತ್ತಗಿದ್ದ ಎರೆಮಣ್ಣು ಎರಡು ವಾರದಲ್ಲಿ ಬಿರಿದು ಬಾಯಿ ಬಿಡುತ್ತದೆ. ಆಗ ನಮ್ಮ ಮನೆಯಲ್ಲಿ ಯುಗಾದಿಗೆ ಮುಂಚಿನ ಕೆಲಸಗಳು ಶುರುವಾಗುತ್ತವೆ. ಸೋರುವ ನಳಗಳಿಗೆ ಹೊಸ ವಾಷರ್ ಹಾಕುವುದು, ಹೌದದ ತಳ ತಿಕ್ಕುವುದು, ಬಚ್ಚಲ ಮೋರಿಯ ಕೆಸರು ತೆಗೆಯುವುದು, ಗಿಡಗಳಿಗೆ ಹೊಸದಾಗಿ ಪಾತಿ ಕಟ್ಟುವುದು, ಪಾತಿಯ ಮೇಲೆ ಬೇವಿನ ತರಗು ಹೊದಿಸುವುದು. ಹಬ್ಬಕ್ಕೆ ಗೋಡೆಗೆ ಸುಣ್ಣ ಬೀಳುವ ಮೊದಲು ನೀರಿನ ಕೆಲಸ ಮುಗಿದಿರಬೇಕು. ಇದು ನಮ್ಮ ಅತ್ತೆಯವರು ಹಾಕಿಕೊಟ್ಟ ಕಟ್ಟಳೆ.

ನಾನು 1992ರಲ್ಲಿ ಈ ಮನೆಗೆ ಸೊಸೆಯಾಗಿ ಬಂದೆ. ಬಿ.ಎ., ಬಿ.ಎಡ್. ಮುಗಿಸಿ ಶಾಲೆಯಲ್ಲಿ ಇತಿಹಾಸ ಹೇಳಲು ಸೇರಿದ ಹೊಸತು. ಇಸವಿಗಳೆಲ್ಲ ಬಾಯಿಪಾಠವಾಗಿದ್ದವು, ಆದರೆ ತೊಟ್ಟಿಕ್ಕುವ ನಳವನ್ನು ನಿಲ್ಲಿಸುವುದು ಗೊತ್ತಿರಲಿಲ್ಲ. ನಾಲ್ಕನೆಯ ಇಯತ್ತೆಯವರೆಗೆ ಮಾತ್ರ ಓದಿದ್ದ ಅತ್ತೆಯವರು ಪಾನಾ ಹಿಡಿದು ನಳ ಬಿಚ್ಚಿ, ಹಳೆಯ ಚಪ್ಪಲಿಯ ತೊಗಲನ್ನು ದುಂಡಗೆ ಕತ್ತರಿಸಿ, ಎಣ್ಣೆಯಲ್ಲಿ ನೆನೆಸಿ ಒಳಗೆ ಕೂಡಿಸುತ್ತಿದ್ದರು. "ಹನಿ ಹನಿ ಅಂತ ಬಿಡಬ್ಯಾಡ ಮಗಳ, ಮುಂಜಾನೆ ತನಕ ಒಂದು ಕೊಡ ಆಗತೈತಿ" ಎನ್ನುತ್ತಿದ್ದರು. ಒಂದು ರಾತ್ರಿ ನಾನು ಸೋರುವ ನಳದ ಕೆಳಗೆ ಕೊಡ ಇಟ್ಟು ಪರೀಕ್ಷೆ ಮಾಡಿದೆ. ಬೆಳಿಗ್ಗೆ ಕೊಡ ತುಂಬಿ ಹೊರಗೆ ಹರಿದಿತ್ತು.

ಈ ವರ್ಷ ಶಿವರಾತ್ರಿ ಕಳೆದ ಮೂರನೆಯ ದಿನ ಹಿತ್ತಲ ಮಲ್ಲಿಗೆ ಬಳ್ಳಿಯ ಬುಡದಲ್ಲಿ ನೆಲ ತಾನಾಗಿಯೇ ಹಸಿಯಾಗಿತ್ತು. ಮಳೆಯಿಲ್ಲದ ಕಾಲದಲ್ಲಿ ನೆಲ ಹಸಿಯಾದರೆ ಸಂತೋಷಪಡುವ ಹಾಗಿಲ್ಲ. ನಳದ ಕೆಲಸದ ಹುಡುಗನನ್ನು ಕರೆಸಿದೆ. ಅವನು ಒಂದು ಕಾಲಕ್ಕೆ ನಮ್ಮ ಶಾಲೆಯಲ್ಲೇ ಓದಿದವನು. ಎರಡಡಿ ಅಗೆದು, ತುಕ್ಕು ತಿಂದ ಕಬ್ಬಿಣದ ಪೈಪನ್ನು ತೋರಿಸಿದ.

"ಅಕ್ಕೋರ, ಪೈಪಿನ ಆಯುಷ್ಯ ಮುಗದೈತ್ರಿ. ಬ್ಯಾಸಿಗಿಗೆ ಮಣ್ಣು ಕುಗ್ಗತೈತಿ, ಮಳಿಗಾಲಕ್ಕ ಉಬ್ಬತೈತಿ. ನಡುವ ಸಿಕ್ಕ ಪೈಪ್ ಎಷ್ಟಂತ ತಾಳತೈತಿ?"

ಎರೆಮಣ್ಣಿನ ಗುಣವನ್ನು ಇಷ್ಟು ಚೆನ್ನಾಗಿ ನಾನು ಯಾವ ಪಾಠದಲ್ಲೂ ಹೇಳಿರಲಿಲ್ಲ. ಕಬ್ಬಿಣಕ್ಕೆ ತುಕ್ಕು ಹಿಡಿಯದಿರಲಿ ಎಂದು ಸತುವಿನ ಲೇಪ ಕೊಡುವ ವಿದ್ಯೆಗೆ 1837ರಲ್ಲಿ ಫ್ರಾನ್ಸಿನ ಸೊರೆಲ್ ಎಂಬ ಎಂಜಿನಿಯರ್ ಪೇಟೆಂಟ್ ಪಡೆದಿದ್ದ. ಆ ಲೇಪವೂ ಸವೆದ ಮೇಲೆ ಕಬ್ಬಿಣ ಮಣ್ಣೇ. ಹುಡುಗ ಪ್ಲಾಸ್ಟಿಕ್ ಪೈಪು ಜೋಡಿಸಿದ. ಎದ್ದು ನಿಂತು ಇನ್ನೊಂದು ಮಾತು ಹೇಳಿದ.

"ಇಲ್ಲೊಂದು ಮ್ಯಾಲಿನ ಬಾಯಿ ತೆರದ ಪೈಪ್ ನಿಂದರಸ್ತೇನ್ರಿ. ನೀರ ಬಿಟ್ಟ ಕೂಡ್ಲೆ ಮೊದಲ ಗಾಳಿ ನುಗ್ಗತೈತಿ. ಅದಕ್ಕ ಹೋಗಾಕ ಹಾದಿ ಇರದಿದ್ರ ಜಾಯಿಂಟ್ ಒಡೀತೈತ್ರಿ."

ನಾನು ನಕ್ಕುಬಿಟ್ಟೆ. ಅವನಿಗೆ ಯಾಕೆಂದು ತಿಳಿಯಲಿಲ್ಲ. ಅವನು ನನ್ನ ಹಿತ್ತಲಲ್ಲಿ ಒಂದು ಪುಟ್ಟ ಗಂಜ್ ಕಟ್ಟಲು ಹೊರಟಿದ್ದ. ಮುನ್ನೂರೈವತ್ತು ವರ್ಷಗಳ ಹಿಂದೆ ಇದೇ ಊರಿನಲ್ಲಿ, ಇದೇ ಕಾರಣಕ್ಕೆ, ಕಲ್ಲುಸುಣ್ಣದಲ್ಲಿ ಕಟ್ಟಿದ ಗೋಪುರಗಳು ಇನ್ನೂ ನಿಂತಿವೆ. ಅವುಗಳ ಪಕ್ಕದಲ್ಲೇ ನಾವು ದಿನಾ ಸಂತೆಗೆ ಹೋಗಿ ಬರುತ್ತೇವೆ.

ಸ್ವಲ್ಪ ಹಿಂದಿನಿಂದ ಹೇಳುತ್ತೇನೆ. ನಮ್ಮದು ಮಳೆ ಕಡಿಮೆಯ ಸೀಮೆ. ವರ್ಷಕ್ಕೆ 600 ಮಿ.ಮೀ. ಬಿದ್ದರೆ ಒಳ್ಳೆಯ ವರ್ಷ. ಊರಿನ ಮಗ್ಗುಲಲ್ಲಿ ತುಂಬಿ ಹರಿಯುವ ನದಿಯೂ ಇಲ್ಲ. ಇಂಥಲ್ಲಿ ಆದಿಲಶಾಹಿಗಳು ರಾಜಧಾನಿ ಮಾಡಿಕೊಂಡರು. ಮೊದಲನೆಯ ಅಲಿ ಆದಿಲಶಾಹನ ಆಳ್ವಿಕೆ 1558ರಿಂದ 1580ರವರೆಗೆ. ಸುಮಾರು ಹತ್ತು ಕಿಲೋಮೀಟರ್ ಸುತ್ತಳತೆಯ ಕೋಟೆಗೋಡೆ ಎದ್ದದ್ದು ಅವನ ಕಾಲದಲ್ಲಿ. ಗೋಡೆ ಕಟ್ಟಿದರೆ ಶತ್ರು ಹೊರಗೆ ಉಳಿಯುತ್ತಾನೆ, ನಿಜ. ಆದರೆ ಒಳಗಿದ್ದವರು ಕುಡಿಯಬೇಕಲ್ಲ? ಅದಕ್ಕೇ ಗೋಡೆಯ ಜೊತೆಗೇ ನೀರಿನ ಏರ್ಪಾಡೂ ಬೆಳೆಯಿತು.

ಮೊದಲು ಬಂದವು ಬಾವಡಿಗಳು. ಬಾವಿ, ಬಾವಡಿ ಎರಡೂ ಸಂಸ್ಕೃತದ 'ವಾಪಿ'ಯ ಮಕ್ಕಳು, ಅಕ್ಕತಂಗಿಯರು. ಒಬ್ಬಳು ನಮ್ಮ ಹಿತ್ತಲಲ್ಲಿ ಉಳಿದಳು, ಇನ್ನೊಬ್ಬಳು ಊರ ನಡುವೆ ದೊಡ್ಡವಳಾದಳು. ಚಾಂದ್ ಬಾವಡಿ 1579ರದು, ಹೆಸರು ಅಲಿಯ ರಾಣಿ ಚಾಂದ್‌ಬೀಬಿಯದು. ಮುಂದೆ 1595-96ರಲ್ಲಿ ಅಹಮದನಗರದ ಕೋಟೆಯನ್ನು ಮೊಗಲರಿಂದ ಕಾಪಾಡಿ ನಿಂತವಳು ಇದೇ ಹೆಣ್ಣುಮಗಳು. ತಾಜ್ ಬಾವಡಿ 1620ರದು. ಅದು ಎರಡನೆಯ ಇಬ್ರಾಹಿಮನ ರಾಣಿ ತಾಜ್ ಸುಲ್ತಾನಾಳ ಹೆಸರಿನದು. ಒಂದೊಂದು ಬದಿಯೂ ಇನ್ನೂರು ಅಡಿಗಿಂತ ಹೆಚ್ಚು, ಮುಂದೆ ದೊಡ್ಡ ಕಮಾನು, ಎರಡೂ ಕಡೆ ದಾರಿಹೋಕರಿಗೆ ತಂಗುವ ಜಾಗ.

ಬಾವಡಿಯಲ್ಲಿ ಇಳಿದು ನೀರು ಹೊರಬೇಕು. ನೀರೇ ಮನೆ ಬಾಗಿಲಿಗೆ ಬರುವಂತೆ ಮಾಡುವುದು ಬೇರೆ ವಿದ್ಯೆ. ಊರಿನ ಪಶ್ಚಿಮಕ್ಕೆ ತೊರವಿ ಇದೆ. ಕನ್ನಡ ಓದಿದವರಿಗೆ ಆ ಊರು ತೊರವೆ ರಾಮಾಯಣದ ಕುಮಾರವಾಲ್ಮೀಕಿಯಿಂದ ಗೊತ್ತು. ನೀರಿನ ಇತಿಹಾಸ ಓದಿದವರಿಗೆ ಅಲ್ಲಿನ ಸುರಂಗ ಬಾವಡಿಯಿಂದ ಗೊತ್ತು. ನೆಲದೊಳಗೇ ಸುರಂಗ ತೋಡಿ, ಅಲ್ಲಲ್ಲಿ ಗಾಳಿಬೆಳಕಿಗೆ ಬಾವಿಯಂಥ ಕಂಡಿ ಬಿಟ್ಟು, ಆ ಕಡೆಯ ನೀರನ್ನು ನಗರಕ್ಕೆ ತಂದರು. ನೆಲದಡಿ ಹರಿದರೆ ಬಿಸಿಲು ಕುಡಿಯುವುದಿಲ್ಲ. ಒಂದೇ ಸಮನೆ ಸಣ್ಣ ಇಳಿಜಾರು ಕೊಟ್ಟರೆ ಎತ್ತುವ ಕೆಲಸವೂ ಇಲ್ಲ.

ಆಮೇಲೆ, 1651ರಲ್ಲಿ, ಮಹಮ್ಮದ್ ಆದಿಲಶಾಹನ ಕಾಲಕ್ಕೆ ಊರಿನ ದಕ್ಷಿಣಕ್ಕೆ ಬೇಗಂ ತಲಾಬ್ ಆಯಿತು. ಗೋಳಗುಮ್ಮಟವನ್ನು ಕಟ್ಟಿಸಿದವನೂ ಇವನೇ. ಪ್ರವಾಸಿಗರು ಗುಮ್ಮಟದಲ್ಲಿ ಕೂಗಿ ಪ್ರತಿಧ್ವನಿ ಕೇಳಿ ಹೋಗುತ್ತಾರೆ. ಕೆರೆಯ ಕಡೆ ಹೋಗುವವರು ಕಡಿಮೆ. ನನಗಂತೂ ಗುಮ್ಮಟಕ್ಕಿಂತ ಕೆರೆಯೇ ದೊಡ್ಡ ಕೆಲಸವಾಗಿ ಕಾಣುತ್ತದೆ. ಗುಮ್ಮಟ ಸತ್ತವರ ಮೇಲೆ ನಿಂತಿದೆ, ಕೆರೆ ಬದುಕಿದ್ದವರಿಗೆ ನೀರು ಕೊಟ್ಟಿತು.

ಈ ಕೆರೆಯಿಂದ ನಗರಕ್ಕೆ ಸುಟ್ಟ ಮಣ್ಣಿನ ಕೊಳವೆಗಳಲ್ಲಿ ನೀರು ಬರುತ್ತಿತ್ತು. ಕುಂಬಾರನ ಆವಿಗೆಯಲ್ಲಿ ಸುಟ್ಟ ತುಂಡುಗಳನ್ನು ಒಂದರ ಬಾಯಿಗೆ ಇನ್ನೊಂದನ್ನು ಕೂಡಿಸಿ, ಸುತ್ತಲೂ ಗಚ್ಚಿನ ಕವಚ ಕೊಟ್ಟು ನೆಲದಲ್ಲಿ ಹೂಳಿದ್ದರು. ರೋಮಿನವರು ಸೀಸದ ಕೊಳವೆ ಬಳಸುತ್ತಿದ್ದರು. ಸೀಸಕ್ಕೆ ಲ್ಯಾಟಿನ್ನಿನಲ್ಲಿ ಪ್ಲಂಬಂ. ಪ್ಲಂಬರ್ ಎಂಬ ಮಾತು ಹುಟ್ಟಿದ್ದು ಅಲ್ಲಿಂದಲೇ. ಸೀಸ ಹೊಟ್ಟೆಗೆ ಹೋದರೆ ವಿಷ. ನಮ್ಮೂರಿನವರು ಮಣ್ಣನ್ನು ನಂಬಿದರು, ಅದರಿಂದ ಯಾರಿಗೂ ಕೇಡಾಗುವಂತಿರಲಿಲ್ಲ.

ಆದರೆ ಮಣ್ಣಿಗೆ ಒಂದು ದೌರ್ಬಲ್ಯವಿದೆ. ಅದು ಒತ್ತಡ ತಾಳದು. ಹತ್ತು ಮೀಟರ್ ಎತ್ತರದ ನೀರು ತನ್ನ ತಳದ ಪ್ರತಿ ಚದರ ಸೆಂಟಿಮೀಟರನ್ನು ಸುಮಾರು ಒಂದು ಕಿಲೋ ಭಾರದಿಂದ ಒತ್ತುತ್ತದೆ. ಕೆರೆ ಮೇಲೆ, ಊರು ಕೆಳಗೆ. ನಡುವೆ ತಡೆಯೇ ಇಲ್ಲದೆ ನೀರು ಬಿಟ್ಟರೆ ಕೆಳಗಿನ ಕೊಳವೆಗಳು ಮಡಕೆಯಂತೆ ಒಡೆಯುತ್ತವೆ. ಅದಕ್ಕೇ ದಾರಿಯುದ್ದಕ್ಕೂ ಗಂಜ್‌ಗಳನ್ನು ಕಟ್ಟಿದರು. ಇಪ್ಪತ್ತೈದರಿಂದ ನಲವತ್ತು ಅಡಿ ಎತ್ತರದ, ಚೌಕಾಕಾರದ, ಮೇಲೆ ಬಾಯಿ ತೆರೆದ ಗೋಪುರಗಳು ಇವು. ಒಂದು ಕಡೆಯ ಕೊಳವೆಯಿಂದ ನೀರು ಬಂದು ಗೋಪುರದೊಳಗೆ ಏರುತ್ತದೆ. ಏರಿದಲ್ಲಿ ಅದರ ಸೊಕ್ಕು ಇಳಿಯುತ್ತದೆ. ಜೊತೆಗೆ ಬಂದ ಗಾಳಿ ಮೇಲಿನ ಬಾಯಿಂದ ಹೊರಗೆ ಹೋಗುತ್ತದೆ. ರಾಡಿ ತಳಕ್ಕೆ ಕೂಡುತ್ತದೆ. ತಿಳಿನೀರು ಇನ್ನೊಂದು ಕೊಳವೆಯಿಂದ ಮುಂದೆ ಹೋಗುತ್ತದೆ. ಆ ನೀರೇ ಅರಮನೆಗಳ ಹೊಂಡಗಳನ್ನು ತುಂಬಿತು, ತೋಟಗಳಿಗೆ ಹೋಯಿತು. ಅಸರ್ ಮಹಲಿನ ಮುಂದಿನ ಹೊಂಡಕ್ಕೆ ನೀರು ಬರುತ್ತಿದ್ದುದೂ ಬೇಗಂ ತಲಾಬಿನಿಂದಲೇ.

ಶಾಲೆಯ ಹುಡುಗಿಯರಿಗೆ ನಾನು ಗಂಜ್ ತೋರಿಸಿದಾಗ ಒಬ್ಬಳು ಕೇಳಿದಳು: "ಅಕ್ಕೋರ, ಇದು ನೀರಿಗೆ ದಮ್ಮು ತಗೊಳ್ಳಾಕ ಇರೋ ಕಟ್ಟಿ ಏನ್ರಿ?" ಇದಕ್ಕಿಂತ ಚೆಂದದ ವಿವರಣೆ ನನ್ನ ಹತ್ತಿರ ಇರಲಿಲ್ಲ. ದಿನವಿಡೀ ದುಡಿದ ಹೆಣ್ಣುಮಗಳು ಮಧ್ಯಾಹ್ನ ಹಿತ್ತಲ ಕಟ್ಟೆಯ ಮೇಲೆ ಒಂದು ಗಳಿಗೆ ಕೂತು ಎದ್ದರೆ, ಸಂಜೆಯ ಕೆಲಸಕ್ಕೆ ಒಡೆಯದೆ ಉಳಿಯುತ್ತಾಳೆ. ಅದೂ ಗಂಜ್‌ನ ಕೆಲಸವೇ.

ಇನ್ನೊಂದು ಸಂಗತಿ ನೋಡಿ. ಚಾಂದ್ ಬಾವಡಿ, ತಾಜ್ ಬಾವಡಿ, ಬೇಗಂ ತಲಾಬ್, ಮೂರಕ್ಕೂ ಹೆಂಗಸರ ಹೆಸರು. ರಾಣಿಯರ ಹೆಸರು ಉಳಿಯಿತಲ್ಲ ಎಂದು ಸಂತೋಷವೇ. ಆದರೆ ಆ ಮೆಟ್ಟಿಲುಗಳ ಕಲ್ಲು ನುಣುಪಾದದ್ದು ರಾಣಿಯರ ಪಾದದಿಂದಲ್ಲ. ದಿನಾ ಇಳಿದು, ತುಂಬಿದ ಕೊಡ ಹೊತ್ತು ಏರಿದವರ ಪಾದದಿಂದ. ಅವರ ಹೆಸರು ಯಾವ ಶಾಸನದಲ್ಲೂ ಇಲ್ಲ. ಪ್ರತಿ ಬೇಸಿಗೆಯಲ್ಲಿ ಕೊಳವೆಯ ಕೂಡಿಕೆಗೆ ಗಚ್ಚು ಮೆತ್ತಿದವರ, ಗಂಜ್‌ನ ತಳದ ರಾಡಿ ಎತ್ತಿದವರ ಹೆಸರೂ ಇಲ್ಲ. ಕಟ್ಟಿಸಿದವರಿಗೆ ಇತಿಹಾಸದಲ್ಲಿ ಜಾಗವಿದೆ, ಕಾಪಾಡಿದವರಿಗೆ ಇಲ್ಲ. ನಮ್ಮ ನಮ್ಮ ಮನೆಗಳಲ್ಲೂ ಹೀಗೆಯೇ ಅಲ್ಲವೇ? ಮನೆ ಕಟ್ಟಿಸಿದ ಅಜ್ಜನ ಹೆಸರು ಬಾಗಿಲ ಮೇಲಿದೆ. ವರ್ಷ ವರ್ಷ ಬಚ್ಚಲ ಮೋರಿ ತೆಗೆದ ಅಜ್ಜಿಯ ಹೆಸರು ಮೊಮ್ಮಕ್ಕಳಿಗೆ ಗೊತ್ತಿರುವುದಿಲ್ಲ.

ಈ ಏರ್ಪಾಡು ಹೇಗೆ ಸತ್ತಿತು? 1686ರಲ್ಲಿ ನಗರ ಔರಂಗಜೇಬನ ಕೈಸೇರಿತು. ದರ್ಬಾರು ಹೋಯಿತು, ದರ್ಬಾರನ್ನು ನೆಚ್ಚಿದ ಜನ ಚದುರಿದರು. ಮಣ್ಣಿನ ಕೊಳವೆ ಕೆಡಲು ಫಿರಂಗಿಯ ಗುಂಡು ಬೇಕಾಗಿಲ್ಲ. ನಾಲ್ಕು ವರ್ಷ ಯಾರೂ ಹೂಳು ತೆಗೆಯದಿದ್ದರೆ ಸಾಕು. ಒಂದು ಬೇವಿನ ಬೇರು ಕೂಡಿಕೆಯೊಳಗೆ ತೂರಿದರೆ ಸಾಕು. ಬ್ರಿಟಿಷರು 1885ರಲ್ಲಿ ಜಿಲ್ಲಾ ಕೇಂದ್ರವನ್ನು ಕಲಾದಗಿಯಿಂದ ಇಲ್ಲಿಗೆ ತಂದಾಗ, ಪಾಳುಬಿದ್ದ ಅರಮನೆಗಳಲ್ಲಿ ಕಚೇರಿಗಳು ಕೂತವು. ಆಮೇಲೆ ಭೂತನಾಳ ಕೆರೆಯ ನೀರು, ಕಬ್ಬಿಣದ ಪೈಪು, ಬೀದಿಗೊಂದು ನಳ ಬಂದವು. ಆಲಮಟ್ಟಿ ಅಣೆಕಟ್ಟಿಗೆ 1964ರಲ್ಲಿ ಅಡಿಗಲ್ಲು ಬಿತ್ತು. ಅದು ಎದ್ದ ಮೇಲೆ ಕೃಷ್ಣೆಯ ನೀರು ಕೊಲ್ಹಾರದ ಕಡೆಯಿಂದ ನಮ್ಮ ಊರಿಗೆ ಏರಿ ಬಂತು. ನಳ ಬಂದದ್ದೇ ಜನ ಬಾವಡಿಯ ಕಡೆ ಬೆನ್ನು ಹಾಕಿದರು. ಬಾವಡಿಗಳಲ್ಲಿ ಬಟ್ಟೆ ಒಗೆದರು, ಗಣಪತಿ ಬಿಟ್ಟರು, ಕಸ ಹಾಕಿದರು. ಕಡೆಗೆ 2017ರ ಸುಮಾರಿಗೆ ತಾಜ್ ಬಾವಡಿ ಮತ್ತು ಇತರ ಬಾವಡಿಗಳ ಹೂಳು ಎತ್ತುವ ಕೆಲಸ ನಡೆಯಿತು. ಆಗ ನಾನು ಮಕ್ಕಳನ್ನು ಸಾಲಾಗಿ ಕರೆದುಕೊಂಡು ಹೋಗಿ, ದಂಡೆಯ ಮೇಲೆ ನಿಲ್ಲಿಸಿ, ಹಿರಿಯರ ನೀರನ್ನು ಹಾಳು ಮಾಡುವವರಿಗೆ ನಾಚಿಕೆಯಾಗಬೇಕು ಎಂದು ಅರ್ಧ ತಾಸು ಮಾತನಾಡಿದ್ದೆ.

ಈಗ ನನ್ನ ನಾಚಿಕೆಯ ಕಥೆ ಹೇಳಬೇಕು.

ನಮ್ಮ ಹಿತ್ತಲಲ್ಲಿ ಒಂದು ಬಾವಿ ಇದೆ. ನಲವತ್ತು ಅಡಿ ಆಳದ್ದು, ಕಲ್ಲು ಕಟ್ಟಿದ್ದು, ಮೇಲೆ ಕಟ್ಟಿಗೆಯ ಗಡಗಡಿ. 1972ರ ಬರದಲ್ಲಿ ಅತ್ತೆಯವರು ಹೊಸ ಸೊಸೆ. ಆಗ ಈ ಸೀಮೆಯ ಹೆಂಗಸರು ಸರ್ಕಾರದ ಬರಗಾಲದ ಕಾಮಗಾರಿಯಲ್ಲಿ ಬಿಸಿಲಿಗೆ ಕೂತು ಖಡಿ ಒಡೆದು ಮನೆ ನಡೆಸಿದರು. ಓಣಿಯ ಉಳಿದ ಬಾವಿಗಳು ಬತ್ತಿದರೂ ನಮ್ಮದರಲ್ಲಿ ಮೊಣಕಾಲಷ್ಟು ನೀರು ಇತ್ತಂತೆ. ಆದರೆ ಎಲ್ಲರೂ ಹಗ್ಗ ಮುಟ್ಟುವ ಹಾಗಿರಲಿಲ್ಲ. ಕೆಲವರು ದೂರ ಕೊಡ ಇಟ್ಟು ಕಾಯಬೇಕು, ಮನೆಯವರು ಸೇದಿ ಮೇಲಿನಿಂದ ಹೊಯ್ಯಬೇಕು. "ಹೊಯ್ಯಾವಕಿ ನಾನ ಇದ್ದೆ ಮಗಳ. ಆಕಿ ಬಸುರಿ, ಬಿಸಲಾಗ ನಿಂತಿದ್ಲು. ನನ್ನ ಕೈ ನಡಗತಿತ್ತು, ಬಾಯಿ ಬರಲಿಲ್ಲ" ಎಂದು ಅತ್ತೆಯವರು ಒಮ್ಮೆ ಮಾತ್ರ ಹೇಳಿದ್ದರು.

ಮತ್ತೆ 2003ರಲ್ಲಿ ಬರ ಬಂತು. ನಳಕ್ಕೆ ನೀರಿಲ್ಲ, ಟ್ಯಾಂಕರ್ ಬಂದರೆ ಜಗಳ. ಆಗ ಮನೆಯಲ್ಲಿ ಹಿರಿಯರು ಅತ್ತೆಯವರೇ. ಹಿತ್ತಲ ಬಾಗಿಲು ತೆರೆದಿಟ್ಟು, ಮನೆಗೆ ಎರಡು ಕೊಡ ಎಂದು ಲೆಕ್ಕ ಹಾಕಿ, ಬಂದವರ ಕೈಗೇ ಹಗ್ಗ ಕೊಟ್ಟರು. ಯಾರ ಮನೆಯವರೆಂದು ಕೇಳಲಿಲ್ಲ. ನೆರೆಮನೆಯ ಒಬ್ಬ ಹಿರಿಯರು ಆಕ್ಷೇಪಣೆ ತೆಗೆದಾಗ, "ನಿಮಗ ಬ್ಯಾಡಾಗಿದ್ರ ನಿಮ್ಮ ಎರಡು ಕೊಡ ಅವ್ರಿಗೇ ಕೊಡ್ತೀನ್ರಿ" ಎಂದರು. ಆ ಮನೆಯ ಸೊಸೆ ಮರುದಿನ ತಾನೇ ಕೊಡ ಹಿಡಿದು ಸಾಲಿನಲ್ಲಿ ನಿಂತಿದ್ದಳು.

ನಾಲ್ಕು ವರ್ಷದ ಹಿಂದೆ ಅತ್ತೆಯವರು ಹಾಸಿಗೆ ಹಿಡಿದರು. ಅವರಿಗೆ ಅನುಕೂಲವಾಗಲಿ ಎಂದೇ ಬಚ್ಚಲುಮನೆಯನ್ನು ಒಡೆಸಿ ಹೊಸದು ಮಾಡಿಸಿದೆವು. ಒಡೆದ ಇಟ್ಟಿಗೆ, ಫರಸಿ ಚೂರು ಹಿತ್ತಲಲ್ಲಿ ರಾಶಿ ಬಿತ್ತು. ಗಾಡಿಯವನು ಸಾಗಿಸಲು ಹೆಚ್ಚು ಹಣ ಕೇಳಿದ. ಪುಣೆಯಲ್ಲಿರುವ ಮಗ ಫೋನಿನಲ್ಲಿ, "ಹೆಂಗೂ ಬಾವಿ ಮುಚ್ಚಿ ಕಾರ್ ನಿಲ್ಲಿಸೋ ಜಾಗ ಮಾಡೋದೈತಿ, ಅದರಾಗ ಹಾಕಸು ಅವ್ವಾ" ಅಂದ. ನಮ್ಮ ಮನೆಯವರು ಬೇಡವೆನ್ನಲಿಲ್ಲ. ನಾನು "ಹೂಂ" ಅಂದೆ. ಆಳುಗಳು ಬುಟ್ಟಿ ಬುಟ್ಟಿ ಸುರಿದರು. ಒಳಗಿನ ಕೋಣೆಯಿಂದ ಅತ್ತೆಯವರು ಕೂಗಿದರು: "ಏನದು ಸಪ್ಪಳ?"

"ಹೌದಕ್ಕ ನೀರು ಬೀಳಾಕತ್ತೈತ್ರೀ ಅತ್ತಿ" ಎಂದೆ.

ಐವತ್ತು ವರ್ಷ ಆ ಬಾವಿಯ ಸಪ್ಪಳ ಕೇಳಿದವರಿಗೆ ನೀರಿನ ಸದ್ದು, ಕಲ್ಲಿನ ಸದ್ದು ಬೇರೆಯೆಂದು ತಿಳಿಯದೇ? ಅವರು ಇನ್ನೊಂದು ಮಾತು ಆಡಲಿಲ್ಲ, ಗೋಡೆಯ ಕಡೆ ಹೊರಳಿ ಮಲಗಿದರು. ಮೂರು ವಾರಕ್ಕೆ ತೀರಿಕೊಂಡರು. ಕ್ಷಮೆ ಕೇಳಬೇಕೆಂದು ಎರಡು ಸಲ ಹಾಸಿಗೆಯ ಹತ್ತಿರ ಹೋಗಿ, ಕಾಲು ಒತ್ತಿ, ಹಾಗೇ ಎದ್ದು ಬಂದಿದ್ದೆ. ಅಂದು ನೀರು ಹೊಯ್ಯುವಾಗ ಅವರಿಗೆ ಬಾಯಿ ಬರಲಿಲ್ಲ, ಇಂದು ನನಗೆ ಬರಲಿಲ್ಲ.

ನಳದ ಹುಡುಗ ಬಾಯಿ ತೆರೆದ ಪೈಪು ನಿಲ್ಲಿಸಿ ಹೋದ ಮೇಲೆ ನಾನು ಬಹಳ ಹೊತ್ತು ಬಾವಿಕಟ್ಟೆಯ ಮೇಲೆ ಕೂತಿದ್ದೆ. ಬಾವಡಿಯ ದಂಡೆಯಲ್ಲಿ ಭಾಷಣ ಮಾಡಿದವಳು ತನ್ನ ಬಾವಿಗೆ ಫರಸಿ ಸುರಿಸಿದಳು. ಇತಿಹಾಸದಲ್ಲಿ ನೀರು ಹಾಳಾದದ್ದು ಯಾರೋ ಕೆಟ್ಟವರಿಂದ ಎಂದು ಪಾಠ ಹೇಳುವುದು ಸುಲಭ. ಹಾಳಾದದ್ದು "ಹೂಂ" ಅಂದವರಿಂದ. ಮರುದಿನ ನಮ್ಮ ಮನೆಯವರಿಗೆ, "ಬಾವಿ ಮುಚ್ಚೂದು ಬ್ಯಾಡ್ರಿ. ನನ್ನ ರೊಕ್ಕದಾಗ ತಗಸ್ತೀನಿ" ಎಂದೆ. ಅವರು ಪೇಪರಿನಿಂದ ತಲೆ ಎತ್ತಿ ನನ್ನ ಮುಖ ನೋಡಿದರು. "ಅವ್ವ ಇದ್ದಾಗ ಅನಬೇಕಾಗಿತ್ತು" ಎಂದರು. ನನಗೂ ಅವರಿಗೂ ಸೇರಿಯೇ ಆ ಮಾತು.

ಬಾವಿ ತೆಗೆಯುವವರು ಮೂವರು ಬಂದರು. ಮೊದಲು ಪಂಪು ಹಚ್ಚಿ ಇದ್ದಷ್ಟು ರಾಡಿನೀರು ಎತ್ತಿದರು. ಆಮೇಲೆ ಒಂದು ಕಂದೀಲು ಹಚ್ಚಿ ಹಗ್ಗಕ್ಕೆ ಕಟ್ಟಿ ತಳದವರೆಗೆ ಇಳಿಬಿಟ್ಟರು. ಬಹಳ ದಿನ ಮುಚ್ಚಿಟ್ಟ ಬಾವಿಯಲ್ಲಿ ಕೆಟ್ಟ ಗಾಳಿ ನಿಂತಿರುತ್ತದೆ. ದೀಪ ಆರಿದರೆ ಮನುಷ್ಯ ಇಳಿಯುವಂತಿಲ್ಲ. ಮೊದಲ ದಿನ ದೀಪ ಆರಿತು. ಅವರು ಇಳಿಯದೆ ವಾಪಸು ಹೋದರು. ಮುಚ್ಚಳ ತೆಗೆದಿಟ್ಟು, ಬೇವಿನ ತೊಪ್ಪಲದ ದೊಡ್ಡ ಟೊಂಗೆಯನ್ನು ಹಗ್ಗಕ್ಕೆ ಕಟ್ಟಿ ಮೇಲೆ ಕೆಳಗೆ ಆಡಿಸಿ ಗಾಳಿ ಕಲಕಿದರು. ಮೂರನೆಯ ದಿನ ದೀಪ ಉರಿಯಿತು. ಆಮೇಲೆಯೇ ಒಬ್ಬ, ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಇಳಿದ. ಮೇಲಿನವರಿಬ್ಬರೂ ಮಾತು ಬಿಟ್ಟು ಹಗ್ಗವನ್ನೇ ನೋಡುತ್ತ ನಿಂತರು.

ಮೊದಲು ಮೇಲೆ ಬಂದದ್ದು ನನ್ನ ಪಾಪ: ನೀಲಿ ಫರಸಿ, ಇಟ್ಟಿಗೆ, ಸಿಮೆಂಟಿನ ಗಂಟು. ಅದರ ಕೆಳಗೆ ಮಗ ಸಣ್ಣವನಿದ್ದಾಗಿನ ಪ್ಲಾಸ್ಟಿಕ್ ಚೆಂಡು, ಗೋಲಿಗಳು. ಅದರ ಕೆಳಗೆ ಬಕೀಟಿನ ಹಿಡಿಕೆ, ಹರಿದ ಹಗ್ಗ, ಒಂದು ಚಪ್ಪಟೆಯಾದ ತಾಮ್ರದ ತಂಬಿಗೆ. ಎಲ್ಲಕ್ಕಿಂತ ಕೆಳಗೆ ಕಪ್ಪು ಹೂಳು. ನೆಲ ಅಗೆದು ಇತಿಹಾಸ ಹುಡುಕುವವರೂ ಹೀಗೆಯೇ ಓದುತ್ತಾರೆ, ಮೇಲಿನದು ಇತ್ತೀಚಿನದು, ಕೆಳಗಿನದು ಹಳೆಯದು. ನಮ್ಮ ಮನೆಯ ಅರವತ್ತು ವರ್ಷ ಹಿತ್ತಲಲ್ಲಿ ಸಾಲಾಗಿ ಹರಡಿತು.

ಹೂಳನ್ನು ನಾನು ಹೊರಗೆ ಹಾಕಲು ಬಿಡಲಿಲ್ಲ. ವಾರ ಒಣಗಿಸಿ, ಒಡೆದು, ಗೊಬ್ಬರದ ಜೊತೆ ಕಲಸಿ ಮಲ್ಲಿಗೆ, ಕರಿಬೇವು, ನಿಂಬೆಯ ಪಾತಿಗೆ ಹಾಕಿಸಿದೆ. ಹೀರೆ, ಹಾಗಲದ ಬೀಜಗಳನ್ನು ಅದರಲ್ಲೇ ಊರಿದೆ. ನಡುವೆ ಎರಡು ಮಣ್ಣಿನ ಗಡಿಗೆಗಳನ್ನು ಕಂಠದವರೆಗೆ ಹೂಳಿ ನೀರು ತುಂಬಿ ಮುಚ್ಚಿದೆ. ಗಡಿಗೆಯ ಮೈಯಿಂದ ನೀರು ಜಿನುಗಿ ಬೇರಿಗೆ ಬೇಕಾದಷ್ಟೇ ಸಿಗುತ್ತದೆ, ಎರಡು ಮೂರು ದಿನಕ್ಕೊಮ್ಮೆ ತುಂಬಿದರೆ ಸಾಕು. ಇದನ್ನು ಚೀನಾದವರು ಎರಡು ಸಾವಿರ ವರ್ಷಗಳ ಹಿಂದೆಯೇ ಬರೆದಿಟ್ಟಿದ್ದಾರೆ. ನನಗೆ ಕಲಿಸಿದವರು ಅತ್ತೆಯವರು. ಬಚ್ಚಲ ನೀರು ಮೊದಲಿನಂತೆ ಬಾಳೆಗೆ. ಅಡಿಗೆಮನೆಯ ಅಕ್ಕಿ, ಬೇಳೆ ತೊಳೆದ ನೀರು ಕರಿಬೇವಿಗೆ.

ನಮ್ಮ ಕನ್ನಡದಲ್ಲಿ ಇಂಥ ವಿದ್ಯೆಯ ಪುಸ್ತಕ ಸಾವಿರ ವರ್ಷದಷ್ಟು ಹಳೆಯದಿದೆ. ಕಲ್ಯಾಣದ ಚಾಲುಕ್ಯ ಜಯಸಿಂಹನ ಕಾಲದಲ್ಲಿ, 1025ರ ಸುಮಾರಿಗೆ, ಚಾವುಂಡರಾಯ ಎಂಬ ಕವಿ 'ಲೋಕೋಪಕಾರ' ಬರೆದ. ನೆಲದಡಿಯ ನೀರು ಕಂಡುಹಿಡಿಯುವುದು, ಗಿಡಗಳ ಆರೈಕೆ, ಅಡಿಗೆ, ದನಕರುಗಳ ಮದ್ದು, ಎಲ್ಲ ಒಂದೇ ಪುಸ್ತಕದಲ್ಲಿ. ಬಾವಿ, ಹಿತ್ತಲು, ಒಲೆ ಇವು ಬೇರೆ ಬೇರೆ ಶಾಸ್ತ್ರಗಳಲ್ಲ, ಒಂದೇ ಸಂಸಾರ ಎಂದು ಆ ಕವಿಗೆ ತಿಳಿದಿತ್ತು. ರಾಜರ ಯುದ್ಧಗಳನ್ನು ಹಾಡಿದ ಕಾವ್ಯಗಳ ಪಕ್ಕದಲ್ಲಿ ಈ ಪುಸ್ತಕವನ್ನೂ ನಮ್ಮ ಮಕ್ಕಳಿಗೆ ಹೇಳಿಕೊಡಬೇಕು ಎನಿಸುತ್ತದೆ.

ಬಾವಿ ತೆಗೆಸಿದ ಐದನೆಯ ದಿನ ಬೆಳಿಗ್ಗೆ ಇಣುಕಿದಾಗ ತಳದ ಕಲ್ಲಿನ ಸಂದಿಯಿಂದ ನೀರು ಜಿನುಗಿ, ಒಂದು ಮೊಳದಷ್ಟು ನಿಂತಿತ್ತು. ಕುಡಿಯಲು ಯೋಗ್ಯವೋ ಇಲ್ಲವೋ ಪರೀಕ್ಷೆ ಮಾಡಿಸಿಯೇ ತಿಳಿಯಬೇಕು. ಗಿಡಕ್ಕೆ, ಪಾತ್ರೆಗೆ, ಬಟ್ಟೆಗೆ ಸಾಕು. ಮಗನಿಗೆ ಫೋನ್ ಮಾಡಿ, ಕಾರನ್ನು ಓಣಿಯಲ್ಲೇ ನಿಲ್ಲಿಸಬೇಕಾಗುತ್ತದೆ ಎಂದು ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಗಡಗಡಿಗೆ ಎಣ್ಣಿ ಹಾಕಿದಿ ಏನವ್ವಾ?" ಎಂದು ಕೇಳಿದ. ಚಿಕ್ಕವನಿದ್ದಾಗ ಆ ಕೆಲಸ ಅವನದಾಗಿತ್ತು.

ಯುಗಾದಿಯ ದಿನ ಹೊಸ ಹಗ್ಗ ಹಾಕಿ ಮೊದಲ ಕೊಡ ನಾನೇ ಸೇದಿದೆ. ಕೊಡ ನೀರು ಮುಟ್ಟಿದಾಗ ಬುಳುಕ್ ಎಂದು ಸಪ್ಪಳವಾಯಿತು. ನಾನು ಯೋಚಿಸದೆಯೇ ಒಳಗಿನ ಕೋಣೆಯ ಕಡೆ ತಿರುಗಿ, "ನೀರಿನ ಸಪ್ಪಳ್ರೀ ಅತ್ತಿ" ಎಂದೆ. ಈ ಸಲ ಸುಳ್ಳಲ್ಲ.